ಮುಂದೋಡುವ ಕೈಗಡಿಯಾರ

ಹಿಂದೆ ಬೀಳುವ ಗಡಿಯಾರವನ್ನು ಎಲ್ಲರೂ ದೂರುತ್ತಾರೆ. ಮುಂದೋಡುವ ಗಡಿಯಾರವನ್ನು ದೂರುವವರು ವಿರಳ. "ಹತ್ತು ನಿಮಿಷ ಮುಂದಿದ್ದರೆ ಒಳ್ಳೆಯದೇ ಆಯಿತು, ಬಸ್ಸು ತಪ್ಪುವುದಿಲ್ಲ" ಎಂದು ಸಮಾಧಾನ ಹೇಳಿಕೊಳ್ಳುವವರು ನಮ್ಮ ಮನೆಗಳಲ್ಲಿ ಬಹಳ. ಆದರೆ ನಾವೇ ಬೇಕೆಂದು ಮುಂದಿಟ್ಟ ಗಡಿಯಾರ ಬೇರೆ, ತಾನಾಗಿ ಮುಂದೋಡುವ ಗಡಿಯಾರ ಬೇರೆ. ಮೊದಲನೆಯದರಲ್ಲಿ ಹತ್ತು ನಿಮಿಷವೆಂಬುದು ಎಂದೆಂದಿಗೂ ಹತ್ತೇ ನಿಮಿಷ. ಕಳೆದು ನೋಡಿದರೆ ಸರಿಯಾದ ವೇಳೆ ಸಿಕ್ಕುತ್ತದೆ. ಎರಡನೆಯದು ಬಡ್ಡಿಯ ಸಾಲದಂತೆ. ಇಂದು ಐದು ನಿಮಿಷ, ನಾಳೆ ಹತ್ತು, ವಾರ ಕಳೆಯುವಷ್ಟರಲ್ಲಿ ಅರ್ಧ ಗಂಟೆಗೂ ಹೆಚ್ಚು. ಎಷ್ಟು ಕಳೆಯಬೇಕೆಂಬುದು ಯಾರಿಗೂ ತಿಳಿಯದು. ಜ್ವರವು ಹೇಗೆ ರೋಗವಲ್ಲ, ರೋಗದ ಲಕ್ಷಣವೋ, ಹಾಗೆಯೇ ಗಡಿಯಾರ ಮುಂದೋಡುವುದೂ ಒಂದು ಲಕ್ಷಣ. ಒಳಗೆ ಏನೋ ಕೆಟ್ಟಿದೆ ಎಂಬುದನ್ನು ಅದು ತನ್ನ ಭಾಷೆಯಲ್ಲಿ ಹೇಳುತ್ತಿರುತ್ತದೆ.

ಈ ತಿಂಗಳು ಈ ವಿಷಯವನ್ನೇ ಆರಿಸಿಕೊಳ್ಳಲು ಕಾರಣವಿದೆ. ಉಸಗಾಂವ, ತಿಸ್ಕ, ಫೋಂಡಾ ಸುತ್ತಲಿನ ನಮ್ಮ ಕನ್ನಡ ಮನೆಗಳಲ್ಲಿ ಹಳೆಯ ಕೀಲಿ ಕೊಡುವ ಕೈಗಡಿಯಾರಗಳು ಪೆಟ್ಟಿಗೆಯಿಂದ ಮತ್ತೆ ಹೊರಬರುತ್ತಿವೆ. ತಂದೆ ಕಟ್ಟಿದ ಗಡಿಯಾರವನ್ನು ಮಗ ಕಟ್ಟಬಯಸುತ್ತಾನೆ. ಅಜ್ಜನ ಗಡಿಯಾರವನ್ನು ಮೊಮ್ಮಗಳು ಕೇಳುತ್ತಾಳೆ. ಕಟ್ಟಿಕೊಂಡ ನಾಲ್ಕು ದಿನಕ್ಕೆ "ಇದು ಓಡುತ್ತದೆ, ಕೆಲಸಕ್ಕೆ ಬಾರದು" ಎಂದು ಮತ್ತೆ ಪೆಟ್ಟಿಗೆಗೆ ಸೇರಿಸುತ್ತಾರೆ, ಇಲ್ಲವೇ ಸಿಕ್ಕಿದ ಬೆಲೆಗೆ ಮಾರಿಬಿಡುತ್ತಾರೆ. ಎಷ್ಟೋ ಸಲ ಅದಕ್ಕೆ ಬೇಕಾದುದು ಬಲ್ಲವನ ಐದು ನಿಮಿಷದ ಚಿಕಿತ್ಸೆ ಮಾತ್ರ.

ಗಡಿಯಾರ ಏಕೆ ಓಡುತ್ತದೆಂದು ತಿಳಿಯಬೇಕಾದರೆ ಅದು ಹೇಗೆ ನಡೆಯುತ್ತದೆಂದು ಮೊದಲು ತಿಳಿಯಬೇಕು. ಮನೆಯಲ್ಲಿಯೇ ಒಂದು ಪ್ರಯೋಗ ಮಾಡಿ. ಒಂದು ದಾರಕ್ಕೆ ಸಣ್ಣ ಕಲ್ಲನ್ನು ಕಟ್ಟಿ, ದಾರದ ಉದ್ದ ಒಂದು ಮೀಟರ್ ಇರುವಂತೆ ಮೊಳೆಗೆ ತೂಗುಹಾಕಿ ಮೆಲ್ಲನೆ ಆಡಿಸಿ. ಕಲ್ಲು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಲು ಹೆಚ್ಚು ಕಡಿಮೆ ಒಂದು ಸೆಕೆಂಡು ಹಿಡಿಯುತ್ತದೆ. ಈಗ ದಾರವನ್ನು ಕಾಲು ಮೀಟರಿಗೆ ಇಳಿಸಿ. ಅದೇ ಕಲ್ಲು ಅರ್ಧ ಸೆಕೆಂಡಿಗೊಮ್ಮೆ ತೂಗತೊಡಗುತ್ತದೆ. ಕಲ್ಲಿನ ತೂಕವನ್ನು ಬದಲಿಸಿ ನೋಡಿ, ವ್ಯತ್ಯಾಸವಾಗದು. ಉದ್ದ ಬದಲಾದರೆ ಮಾತ್ರ ವೇಗ ಬದಲಾಗುತ್ತದೆ. ಮಕ್ಕಳಿಗೆ ಇದನ್ನು ಒಮ್ಮೆ ಕಣ್ಣಾರೆ ತೋರಿಸಿದರೆ ಮುಂದಿನ ಪಾಠ ತಾನಾಗಿ ತಿಳಿಯುತ್ತದೆ.

ಕೈಗೆ ಕಟ್ಟುವ ಗಡಿಯಾರದಲ್ಲಿ ಲೋಲಕವನ್ನು ತೂಗುಹಾಕುವುದು ಸಾಧ್ಯವಿಲ್ಲ. ಅದರ ಸ್ಥಾನದಲ್ಲಿ ಒಂದು ಪುಟ್ಟ ಚಕ್ರವಿದೆ. ರಿಪೇರಿಯವರು ಅದನ್ನು ಬ್ಯಾಲೆನ್ಸ್ ಎನ್ನುತ್ತಾರೆ. ಅದು ಪೂರ್ತಿ ಸುತ್ತುತ್ತ ಹೋಗುವುದಿಲ್ಲ. ತೊಟ್ಟಿಲಿನಂತೆ ಅತ್ತ ಒಮ್ಮೆ ಇತ್ತ ಒಮ್ಮೆ ತಿರುಗುತ್ತದೆ. ಅದನ್ನು ಪ್ರತಿ ಸಲವೂ ಹಿಂದಕ್ಕೆ ಎಳೆದು ತರುವುದು ಹೇರ್‌ಸ್ಪ್ರಿಂಗ್ ಎಂಬ, ಕೂದಲೆಳೆಯಷ್ಟು ತೆಳುವಾದ, ಸುರುಳಿ ಸುತ್ತಿದ ಲೋಹದ ಪಟ್ಟಿ. 1675ರಲ್ಲಿ ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್ ಈ ಸುರುಳಿಯನ್ನು ಗಡಿಯಾರಕ್ಕೆ ಅಳವಡಿಸಿ ಪ್ರಕಟಪಡಿಸಿದನು. ಅದೇ ಕಲ್ಪನೆ ತನ್ನದೆಂದು ಇಂಗ್ಲೆಂಡಿನ ರಾಬರ್ಟ್ ಹುಕ್ ವಾದಿಸಿದನು. ಕೀರ್ತಿ ಯಾರಿಗೆ ಸಲ್ಲಲಿ, ಅಂದಿನವರೆಗೆ ದಿನಕ್ಕೆ ಗಂಟೆಯ ಲೆಕ್ಕದಲ್ಲಿ ತಪ್ಪುತ್ತಿದ್ದ ಜೇಬುಗಡಿಯಾರ ಅಂದಿನಿಂದ ನಿಮಿಷಗಳ ಲೆಕ್ಕಕ್ಕೆ ಬಂದಿತು.

ನಾವು ಕೀಲಿ ಕೊಟ್ಟಾಗ ಬಿಗಿಯಾಗುವುದು ಬೇರೊಂದು ಸ್ಪ್ರಿಂಗು. ಅದು ಗಡಿಯಾರದ ಅನ್ನದ ಗಡಿಗೆ ಇದ್ದಂತೆ, ಶಕ್ತಿಯನ್ನು ತುಂಬಿಟ್ಟುಕೊಳ್ಳುತ್ತದೆ. ಆ ಶಕ್ತಿಯನ್ನು ಹಲ್ಲಿನ ಚಕ್ರಗಳು ಮುಂದಕ್ಕೆ ಸಾಗಿಸುತ್ತವೆ. ಅದು ಒಮ್ಮೆಲೇ ಸೋರಿ ಹೋಗದಂತೆ, ಒಂದೊಂದೇ ಹಲ್ಲು ಮುಂದೆ ಬಿಡುವ ಕೊಕ್ಕೆಯೊಂದಿದೆ. ಬ್ಯಾಲೆನ್ಸ್ ಚಕ್ರ ಒಮ್ಮೆ ಆಡಿದರೆ ಕೊಕ್ಕೆ ಒಮ್ಮೆ ಬಿಡುತ್ತದೆ. ನಮಗೆ ಕೇಳಿಸುವ "ಟಿಕ್ ಟಿಕ್" ಸದ್ದು ಈ ಕೊಕ್ಕೆಯದೇ. ಆದುದರಿಂದ ಗಡಿಯಾರವೆಂದರೆ ವೇಳೆಯನ್ನು ಅಳೆಯುವ ಯಂತ್ರವೆನ್ನುವುದಕ್ಕಿಂತ ಎಣಿಸುವ ಯಂತ್ರವೆನ್ನುವುದೇ ಸರಿ. ಅದು ತನ್ನ ಚಕ್ರದ ತೂಗಾಟಗಳನ್ನು ಎಣಿಸುತ್ತ ಕೂತಿರುತ್ತದೆ. ತೂಗಾಟ ಚುರುಕಾದರೆ ಎಣಿಕೆ ಹೆಚ್ಚುತ್ತದೆ, ಮುಳ್ಳು ಮುಂದೋಡುತ್ತದೆ.

ಈಗ ಸ್ವಲ್ಪ ಲೆಕ್ಕ. ನಮ್ಮ ಮನೆಗಳಲ್ಲಿರುವ ಹಳೆಯ ಕೀಲಿ ಗಡಿಯಾರಗಳಲ್ಲಿ ಬಹುಪಾಲು ಗಂಟೆಗೆ 18,000 ಸಲ, ಅಂದರೆ ಸೆಕೆಂಡಿಗೆ 5 ಸಲ ಟಿಕ್ ಎನ್ನುವಂಥವು. ದಿನವೊಂದಕ್ಕೆ 86,400 ಸೆಕೆಂಡು, ಟಿಕ್ಕುಗಳು 4,32,000. ಗಡಿಯಾರ ದಿನಕ್ಕೆ ಐದು ನಿಮಿಷ ಓಡುತ್ತದೆಂದರೆ ಅದು 1,500 ಟಿಕ್ಕುಗಳನ್ನು ಹೆಚ್ಚು ಹಾಕಿತೆಂದು ಅರ್ಥ. ಅಂದರೆ 288ರಲ್ಲಿ ಒಂದು ಪಾಲಿನ ತಪ್ಪು. ಇನ್ನೂರೆಂಬತ್ತೆಂಟು ರೂಪಾಯಿ ಎಣಿಸುವಾಗ ಒಂದು ರೂಪಾಯಿ ತಪ್ಪಿದವನನ್ನು ನಾವು ಕೆಲಸಕ್ಕೆ ಬಾರದವನೆನ್ನುವುದಿಲ್ಲ. ನಮ್ಮ ಪಂಚಾಂಗದ ಹಿರಿಯರು ದಿನವನ್ನು 60 ಘಟಿಗಳಾಗಿಯೂ, ಘಟಿಯನ್ನು 60 ವಿಘಟಿಗಳಾಗಿಯೂ ವಿಂಗಡಿಸಿದ್ದರು. ಒಂದು ಘಟಿಗೆ 24 ನಿಮಿಷ, ಒಂದು ವಿಘಟಿಗೆ 24 ಸೆಕೆಂಡು. ಹಳೆಯ ಕೈಗಡಿಯಾರ ದಿನಕ್ಕೆ ಒಂದು ವಿಘಟಿಯಷ್ಟು ಅತ್ತಿತ್ತ ಹೋದರೆ ಅದನ್ನು ಆರೋಗ್ಯವಂತವೆಂದೇ ತಿಳಿಯಬೇಕು. ಸ್ವಿಟ್ಜರ್ಲೆಂಡಿನ ಅಧಿಕೃತ ಪರೀಕ್ಷೆಯಲ್ಲಿ ಉತ್ತೀರ್ಣವಾಗುವ ಬೆಲೆಬಾಳುವ ಗಡಿಯಾರಗಳಿಗೂ ದಿನಕ್ಕೆ ಸರಾಸರಿ 6 ಸೆಕೆಂಡು ಮುಂದೆ, 4 ಸೆಕೆಂಡು ಹಿಂದೆ ಹೋಗುವ ಅವಕಾಶವಿದೆ.

ಇನ್ನು ಗಡಿಯಾರ ಓಡುವ ಕಾರಣಗಳು. ಮೊದಲನೆಯದೂ ಸರಳವಾದುದೂ, ಹೊಂದಿಕೆ ತಪ್ಪಿರುವುದು. ಹೇರ್‌ಸ್ಪ್ರಿಂಗಿನ ಹೊರಸುತ್ತಿನ ಬಳಿ ಒಂದು ಸಣ್ಣ ಸನ್ನೆ ಇರುತ್ತದೆ. ರೆಗ್ಯುಲೇಟರ್ ಎಂದು ಅದರ ಹೆಸರು. ಅದರ ತುದಿಯ ಎರಡು ಕಡ್ಡಿಗಳ ನಡುವೆ ಸ್ಪ್ರಿಂಗು ಹಾದು ಹೋಗುತ್ತದೆ. ಸನ್ನೆಯನ್ನು ಒಂದು ಕಡೆ ಸರಿಸಿದರೆ ಆಡುವ ಸ್ಪ್ರಿಂಗಿನ ಉದ್ದ ಕಡಿಮೆಯಾಗಿ ಗಡಿಯಾರ ಚುರುಕಾಗುತ್ತದೆ. ಇನ್ನೊಂದು ಕಡೆ ಸರಿಸಿದರೆ ಉದ್ದ ಹೆಚ್ಚಾಗಿ ನಿಧಾನವಾಗುತ್ತದೆ. ದಾರ ಕಟ್ಟಿದ ಕಲ್ಲಿನ ಪಾಠವೇ ಇಲ್ಲಿಯೂ. ಸನ್ನೆಯ ಪಕ್ಕದಲ್ಲಿ ಕೂಡುವ ಮತ್ತು ಕಳೆಯುವ ಚಿಹ್ನೆಗಳಿರುತ್ತವೆ. ಕೆಲವದರಲ್ಲಿ ಇಂಗ್ಲಿಷಿನ 'ಎಫ್' ಮತ್ತು 'ಎಸ್' ಅಕ್ಷರಗಳು, ಸ್ವಿಸ್ ಗಡಿಯಾರಗಳಲ್ಲಿ ಫ್ರೆಂಚ್ ಮಾತುಗಳ ಮೊದಲಕ್ಷರಗಳಾದ 'ಎ' ಮತ್ತು 'ಆರ್'. 'ಎ' ಎಂದರೆ ಮುಂದಕ್ಕೆ, 'ಆರ್' ಎಂದರೆ ತಡಕ್ಕೆ. ಓಡುವ ಗಡಿಯಾರವನ್ನು ಕಳೆಯುವ ಚಿಹ್ನೆಯ ಕಡೆಗೆ, ಇಲ್ಲವೇ 'ಎಸ್' ಅಥವಾ 'ಆರ್' ಕಡೆಗೆ ಸರಿಸಬೇಕು.

ಎಷ್ಟು ಸರಿಸಬೇಕು? ಸ್ಪ್ರಿಂಗಿನ ಉದ್ದ 10 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ದಿನಕ್ಕೆ ಐದು ನಿಮಿಷದ ಓಟವನ್ನು ನಿಲ್ಲಿಸಲು ಅದರ ಉದ್ದವನ್ನು 144ರಲ್ಲಿ ಒಂದು ಪಾಲು, ಅಂದರೆ ಸುಮಾರು 0.7 ಮಿಲಿಮೀಟರ್ ಹೆಚ್ಚಿಸಿದರೆ ಸಾಕು. ಅಕ್ಕಿಕಾಳಿನ ದಪ್ಪಕ್ಕಿಂತ ಕಡಿಮೆ. ಅರ್ಧ ನಿಮಿಷ ತಿದ್ದಲು ಅದರ ಹತ್ತನೆಯ ಒಂದು ಪಾಲು. ಈ ಲೆಕ್ಕ ತಿಳಿದವನು ಗಡಿಯಾರದ ಬೆನ್ನು ತೆಗೆದು ಚಾಕುವಿನ ಮೊನೆಯಿಂದ ತಿವಿಯಲಾರನು.

ಎರಡನೆಯ ಕಾರಣ ಅಯಸ್ಕಾಂತ. ನಮ್ಮ ಕಾಲದಲ್ಲಿ ಇದೇ ಹೆಚ್ಚು. ಹೇರ್‌ಸ್ಪ್ರಿಂಗಿಗೆ ಕಾಂತತ್ವ ಹತ್ತಿದರೆ ಅದರ ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಟಿದಷ್ಟು ಭಾಗ ಆಡುವುದಿಲ್ಲ. ಆಡುವ ಉದ್ದ ಕಡಿಮೆಯಾಗುತ್ತದೆ. ಗಡಿಯಾರ ಒಮ್ಮೆಲೇ ಹುಚ್ಚು ಓಟಕ್ಕೆ ತೊಡಗುತ್ತದೆ. ಹಿಂದೆ ರೇಡಿಯೋದ ಮೇಲೆ ಗಡಿಯಾರ ಬಿಚ್ಚಿಡುವವರಿಗೆ ಈ ಕಾಟವಿತ್ತು. ಇಂದು ಹಾಡು ಕೇಳುವ ಸ್ಪೀಕರಿನ ಪೆಟ್ಟಿಗೆ, ಮೊಬೈಲಿನ ಮಡಿಚುವ ಕವಚ, ಹೆಂಗಸರ ಕೈಚೀಲದ ಗುಂಡಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಗೊಂಬೆ, ಇವೆಲ್ಲದರಲ್ಲಿ ಅಯಸ್ಕಾಂತವಿದೆ.

ಮೂರನೆಯದು ಎಣ್ಣೆ. ಗಡಿಯಾರ ನಿಂತಿತೆಂದು ಹೊಲಿಗೆ ಯಂತ್ರದ ಎಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಬಿಡುವವರಿದ್ದಾರೆ. ಅದರ ಒಂದು ಹನಿ ಹೇರ್‌ಸ್ಪ್ರಿಂಗಿಗೆ ಹತ್ತಿದರೂ ಸುತ್ತುಗಳು ಒದ್ದೆ ಕಾಗದದಂತೆ ಅಂಟಿಕೊಳ್ಳುತ್ತವೆ, ಫಲ ಅಯಸ್ಕಾಂತದ್ದೇ. ನಾಲ್ಕನೆಯದು ಪೆಟ್ಟು. ಗಡಿಯಾರ ಕೆಳಗೆ ಬಿದ್ದಾಗ ಸ್ಪ್ರಿಂಗಿನ ಒಂದು ಸುತ್ತು ಹಾರಿ ರೆಗ್ಯುಲೇಟರಿನ ಕಡ್ಡಿಗೆ ಸಿಕ್ಕಿಕೊಳ್ಳುವುದುಂಟು. ಐದನೆಯದು ಅಪರೂಪ. ಹೊಸದಾಗಿ ಹಾಕಿದ ಮುಖ್ಯ ಸ್ಪ್ರಿಂಗು ಅಳತೆಗೆ ಮೀರಿ ಬಲವಾಗಿದ್ದರೆ ಬ್ಯಾಲೆನ್ಸ್ ಚಕ್ರ ಎಲ್ಲೆ ದಾಟಿ ತಿರುಗಿ ಕೊಕ್ಕೆಯ ಬೆನ್ನಿಗೆ ಬಡಿದು ಹಿಂದಿರುಗುತ್ತದೆ. ಆಗ ಟಿಕ್ ಟಿಕ್ ಸದ್ದಿನ ಬದಲು ಕುದುರೆಯ ನಾಗಾಲೋಟದಂಥ ಸದ್ದು ಕೇಳುತ್ತದೆ.

ಹವೆಯ ಪಾತ್ರವೂ ಇದೆ. ಹಳೆಯ ಉಕ್ಕಿನ ಸ್ಪ್ರಿಂಗು ಸೆಕೆಯಲ್ಲಿ ಮೆದುವಾಗಿ ನಿಧಾನವಾಗುತ್ತದೆ, ಚಳಿಯಲ್ಲಿ ಬಿಗಿದು ಚುರುಕಾಗುತ್ತದೆ. ಈ ದೋಷವನ್ನು ನೀಗುವ ನಿಕ್ಕಲ್ ಉಕ್ಕಿನ ಮಿಶ್ರಲೋಹಗಳನ್ನು ಕಂಡುಹಿಡಿದ ಶಾರ್ಲ್ ಎದುವಾರ್ ಗಿಯೋಮ್ ಎಂಬ ವಿಜ್ಞಾನಿಗೆ 1920ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಗಡಿಯಾರ ಮಾಡುವವರ ಮನೆಯಲ್ಲಿ ಹುಟ್ಟಿದವನು ಆತ. ಕೂದಲೆಳೆಯಂಥ ಒಂದು ಸ್ಪ್ರಿಂಗಿಗೆ ಜಗತ್ತು ಕೊಟ್ಟ ಬೆಲೆ ಅಷ್ಟು.

ಇಷ್ಟೆಲ್ಲ ತಿಳಿದು ಪ್ರಯೋಜನವೇನೆಂದು ಕೇಳುವವರಿಗೆ ನಮ್ಮ ಊರಿನಲ್ಲಿ ನಡೆದ ಒಂದು ಸಂಗತಿಯನ್ನು ಹೇಳುತ್ತೇನೆ. ಗದಗ ಸೀಮೆಯಿಂದ ಎಳೆಯ ವಯಸ್ಸಿನಲ್ಲಿ ಬಂದು ಅದಿರಿನ ಕೆಲಸದಲ್ಲಿ ಬೆವರು ಸುರಿಸಿದ ಹಿರಿಯರೊಬ್ಬರಿದ್ದಾರೆ. 2012ರಲ್ಲಿ ಗೋವೆಯ ಗಣಿಗಳು ನಿಂತ ಮೇಲೆ ಅವರು ಒಂದು ಗೋದಾಮಿನ ರಾತ್ರಿ ಕಾವಲಿಗೆ ಸೇರಿದರು. ಸಂಜೆ ಆರಕ್ಕೆ ಹೋದರೆ ಬೆಳಗಿನ ಆರಕ್ಕೆ ಬಿಡುವು. ಮೊಬೈಲಿನ ಅಂಕೆಗಳು ಅವರ ಕಣ್ಣಿಗೆ ಕಾಣುವುದಿಲ್ಲ. ದೊಡ್ಡ ಅಂಕೆಗಳ ಹಳೆಯ ಎಚ್ಚೆಮ್ಟಿ ಕೈಗಡಿಯಾರವೇ ಅವರಿಗೆ ಆಧಾರ. ಒಂದು ಬೆಳಿಗ್ಗೆ ತಮ್ಮ ಗಡಿಯಾರದಲ್ಲಿ ಆರು ಹೊಡೆದುದನ್ನು ನೋಡಿ ಬಾಗಿಲಿಗೆ ಬೀಗ ಹಾಕಿ ಹೊರಟರು. ನಿಜವಾದ ವೇಳೆ ಆಗ ಐದು ಗಂಟೆ ಮೂವತ್ತೈದು ನಿಮಿಷ. ಪಾಳಿ ಮುಗಿಯುವ ಮುಂಚೆ ಕಾವಲು ಬಿಟ್ಟರೆಂದು ಅರ್ಧ ದಿನದ ಕೂಲಿ ಹಿಡಿದರು. ಕೂಲಿಗಿಂತ ಅವರನ್ನು ನೋಯಿಸಿದ್ದು ಮಾತು.

"ಮಾಸ್ತರ, ಇಷ್ಟ ವರ್ಷದಾಗ ಒಬ್ರೂ ನನ್ನ ಕಡೆ ಬೊಟ್ಟ ಮಾಡಿಲ್ರಿ. ಈಗ ಕಳ್ಳಬಿದ್ದ ಅಂತ ಅನಿಸ್ಕೋಬೇಕಾತು. ಇದಕ್ಕೇನ ಹುಚ್ಚ ಹಿಡದೈತೋ ನೋಡ್ರಿ" ಎಂದು ಗಡಿಯಾರವನ್ನು ಮೇಜಿನ ಮೇಲಿಟ್ಟರು.

ಅದಾಗಲೇ ಅವರು ಒಂದು ಅಂಗಡಿಗೆ ತೋರಿಸಿ ಬಂದಿದ್ದರು. ಒಳಗಿನದೆಲ್ಲ ಸವೆದಿದೆ, ಭಾಗಗಳು ಸಿಗುವುದಿಲ್ಲ, ಬೇಕಾದರೆ ಇನ್ನೂರು ರೂಪಾಯಿಗೆ ಬಿಟ್ಟು ಹೋಗಿ ಎಂದು ಅಲ್ಲಿ ಹೇಳಿದ್ದರಂತೆ. ಸವೆದ ಗಡಿಯಾರ ಸಾಮಾನ್ಯವಾಗಿ ನಿಲ್ಲುತ್ತದೆ, ಇಲ್ಲವೇ ಒಂದು ದಿನ ಹಿಂದೆ ಒಂದು ದಿನ ಮುಂದೆ ಹೋಗುತ್ತದೆ. ಹನ್ನೆರಡು ಗಂಟೆಯಲ್ಲಿ 25 ನಿಮಿಷ, ಅಂದರೆ ಗಂಟೆಗೆ ಎರಡು ನಿಮಿಷಕ್ಕೂ ತುಸು ಹೆಚ್ಚು, ಒಂದೇ ಸಮನೆ ಓಡುವುದಿಲ್ಲ. "ಎಂದಿನಿಂದ ಹೀಗಾಗಿದೆ?" ಎಂದು ಕೇಳಿದೆ. ಮೊದಲು ಸರಿಯಾಗಿತ್ತು, ಮೊಮ್ಮಗ ಹಾಡಿನ ಪೆಟ್ಟಿಗೆ ತಂದ ಮರುದಿನದಿಂದ ಹೀಗೆ. ಹಗಲು ಮಲಗುವಾಗ ಗಡಿಯಾರವನ್ನು ಆ ಪೆಟ್ಟಿಗೆಯ ಮೇಲೆಯೇ ಬಿಚ್ಚಿಡುತ್ತಿದ್ದರು.

ಶಾಲೆಯ ದಿಕ್ಸೂಚಿಯನ್ನು ತರಿಸಿ ಗಡಿಯಾರವನ್ನು ಅದರ ಸಮೀಪ ನಿಧಾನವಾಗಿ ತಿರುಗಿಸಿದಾಗ, ಒಂದು ಅಂಚಿಗೆ ಮುಳ್ಳಿನ ಉತ್ತರ ತುದಿ ಓಡಿ ಬಂತು, ಇನ್ನೊಂದು ಅಂಚಿಗೆ ಅದೇ ತುದಿ ದೂರ ಸರಿಯಿತು. ಬರಿಯ ಉಕ್ಕು ಆಕರ್ಷಿಸುತ್ತದೆ, ದೂಡುವುದಿಲ್ಲ. ವಿಕರ್ಷಣೆಯೇ ಕಾಂತತ್ವಕ್ಕೆ ನಿಜವಾದ ಪರೀಕ್ಷೆಯೆಂದು ನಾವು ಮಕ್ಕಳಿಗೆ ಬೋಧಿಸುವ ಪಾಠ ಅಲ್ಲಿ ಉಪಯೋಗಕ್ಕೆ ಬಂತು. ಫೋಂಡಾ ಪೇಟೆಯಲ್ಲಿ ಹಳೆಯ ಕಸಬುದಾರರೊಬ್ಬರ ಬಳಿ ಕಾಂತತ್ವ ತೆಗೆಯುವ ಸುರುಳಿ ಇತ್ತು. ಅವರು ಗಡಿಯಾರವನ್ನು ಅದರೊಳಗಿಟ್ಟು, ಗುಂಡಿ ಒತ್ತಿ, ಒತ್ತಿದಂತೆಯೇ ಗಡಿಯಾರವನ್ನು ಕೈಯಳತೆ ದೂರಕ್ಕೆ ಮೆಲ್ಲನೆ ಎಳೆದು, ಆಮೇಲೆ ಗುಂಡಿಯನ್ನು ಬಿಟ್ಟರು. ಒಂದು ನಿಮಿಷದ ಕೆಲಸ. ಮರುದಿನ ನೋಡಿದಾಗ ಓಟ ದಿನಕ್ಕೆ ಒಂದೂವರೆ ನಿಮಿಷಕ್ಕೆ ಇಳಿದಿತ್ತು. ಆ ಉಳಿಕೆಯನ್ನು ರೆಗ್ಯುಲೇಟರಿನಿಂದ ತಿದ್ದಿದರು. ಈಗ ಅದು ದಿನಕ್ಕೆ ಇಪ್ಪತ್ತು ಸೆಕೆಂಡಿನೊಳಗೆ ನಿಂತಿದೆ. ಕಳೆದ ಕೂಲಿ ಮರಳಲಿಲ್ಲ. ಆದರೆ ಮೇಲ್ವಿಚಾರಕನ ಎದುರಿಗೆ ಗಡಿಯಾರವಿಟ್ಟು, ಏನಾಗಿತ್ತೆಂದು ಕಾರಣಸಹಿತ ಹೇಳಲು ಅವರಿಗೆ ಸಾಧ್ಯವಾಯಿತು. ಕೆಲಸವೂ ಉಳಿಯಿತು.

ಆ ಸುರುಳಿಯ ಮರ್ಮವನ್ನು ವಾಚಕರು ತಿಳಿಯಬೇಕು. ನಮ್ಮ ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತ ಮಾಡುತ್ತದೆ, ಅಂದರೆ 100 ಸಲ ದಿಕ್ಕು ಬದಲಿಸುತ್ತದೆ. ಸುರುಳಿಯೊಳಗಿನ ಉಕ್ಕು ಅದರೊಂದಿಗೆ ಒಮ್ಮೆ ಹೀಗೆ ಒಮ್ಮೆ ಹಾಗೆ ಕಾಂತವಾಗುತ್ತದೆ. ಮೆಲ್ಲನೆ ದೂರ ಸರಿಸಿದಂತೆ ಪ್ರತಿ ಸಲದ ಬಲ ಕುಗ್ಗುತ್ತ ಕೊನೆಗೆ ಶೂನ್ಯವಾಗುತ್ತದೆ. ಗಡಿಯಾರ ಒಳಗಿರುವಾಗಲೇ ಗುಂಡಿ ಬಿಟ್ಟರೆ ಮೊದಲಿಗಿಂತ ಹೆಚ್ಚು ಕಾಂತತ್ವ ಉಳಿಯಬಹುದು. ಮನೆಯಲ್ಲಿ ತಂತಿ ಸುತ್ತಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಇದನ್ನು ಮಾಡಲು ಯಾರೂ ಹೋಗಬಾರದು. ಅದು ಪ್ರಾಣಕ್ಕೆ ಅಪಾಯ.

ಮನೆಯಲ್ಲಿ ಮಾಡಬೇಕಾದುದು ಪರೀಕ್ಷೆ ಮಾತ್ರ. ಏಳು ದಿನ ಗಡಿಯಾರವನ್ನು ಒಂದೇ ಹೊತ್ತಿಗೆ ಪೂರ್ತಿ ಕೀಲಿ ಕೊಡಿ. ಮೊದಲ ದಿನ ಮೊಬೈಲಿನ ವೇಳೆಗೆ ಹೊಂದಿಸಿ. ಮುಂದೆ ಮುಳ್ಳನ್ನು ಮುಟ್ಟದೆ, ಪ್ರತಿ ಬೆಳಿಗ್ಗೆ ಅದೇ ಗಂಟೆಗೆ ಎಷ್ಟು ವ್ಯತ್ಯಾಸವಾಯಿತೆಂದು ಒಂದು ಹಾಳೆಯಲ್ಲಿ ಬರೆಯಿರಿ. ಐದನೆಯ, ಆರನೆಯ ತರಗತಿಯ ಮಗುವಿಗೆ ಈ ಕೆಲಸವನ್ನು ಒಪ್ಪಿಸಿದರೆ ವ್ಯವಕಲನವೂ ಸರಾಸರಿಯೂ ಬೆತ್ತವಿಲ್ಲದೆ ಬರುತ್ತವೆ. ವ್ಯತ್ಯಾಸ ದಿನದಿನವೂ ಒಂದೇ ಸಮನಾಗಿ, ಒಂದೆರಡು ನಿಮಿಷವಿದ್ದರೆ ಹೊಂದಿಕೆ ತಪ್ಪಿದೆ ಎಂದು ತಿಳಿಯಿರಿ. ಒಮ್ಮೆಲೇ ಶುರುವಾಗಿ ಹತ್ತಾರು ನಿಮಿಷವಿದ್ದರೆ ಅಯಸ್ಕಾಂತ, ಎಣ್ಣೆ ಅಥವಾ ಪೆಟ್ಟು. ಒಂದು ದಿನ ಮುಂದೆ, ಒಂದು ದಿನ ಹಿಂದೆ ಎಂದಾದರೆ ಕೊಳೆ ತುಂಬಿದೆ, ಬಿಚ್ಚಿ ತೊಳೆದು ಹೊಸ ಎಣ್ಣೆ ಹಾಕಿಸಬೇಕು. ಕೀಲಿ ಗಡಿಯಾರಕ್ಕೆ ನಾಲ್ಕೈದು ವರ್ಷಕ್ಕೊಮ್ಮೆ ಈ ಸ್ನಾನ ಅವಶ್ಯಕ. ಈ ಹಾಳೆಯನ್ನು ಗಡಿಯಾರದೊಡನೆ ಒಯ್ದರೆ ಬಲ್ಲ ರಿಪೇರಿಯವರಿಗೆ ಅರ್ಧ ಕೆಲಸ ಮುಗಿದಂತೆ. ಬಲ್ಲವರಲ್ಲದವರು ನಿಮ್ಮನ್ನು ಮೋಸಗೊಳಿಸುವ ಮುನ್ನ ಎರಡು ಸಲ ಯೋಚಿಸುತ್ತಾರೆ.

ದಿನಕ್ಕೆ ಕೆಲವೇ ಸೆಕೆಂಡುಗಳ ಓಟವಿದ್ದರೆ ಬೆನ್ನು ತೆಗೆಸುವ ಅಗತ್ಯವೂ ಇಲ್ಲ. ಗಡಿಯಾರದ ನಡಿಗೆ ಮಲಗಿಸಿದಾಗ ಒಂದು ರೀತಿ, ನಿಲ್ಲಿಸಿದಾಗ ಇನ್ನೊಂದು ರೀತಿ. ಸಾಮಾನ್ಯವಾಗಿ ನಿಲ್ಲಿಸಿಟ್ಟರೆ ತುಸು ನಿಧಾನ. ರಾತ್ರಿ ಕೀಲಿಯ ಗುಂಡಿ ಮೇಲಾಗಿ, ಕೆಳಗಾಗಿ, ಮುಖ ಮೇಲಾಗಿ ಇಟ್ಟು ಯಾವುದರಲ್ಲಿ ಎಷ್ಟೆಂದು ನೋಡಿಕೊಂಡರೆ, ಹಗಲಿನ ಓಟವನ್ನು ರಾತ್ರಿಯ ನಿಧಾನದಿಂದ ಸರಿದೂಗಿಸಬಹುದು.

ನಮ್ಮ ಮನೆಗಳಲ್ಲಿರುವ ಈ ಗಡಿಯಾರಗಳ ಹಿಂದೆ ಕನ್ನಡ ನಾಡಿನ ಒಂದು ಕಥೆಯಿದೆ. 1953ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆ ಸ್ಥಾಪನೆಯಾಯಿತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಅಲ್ಲಿ ಕೈಗಡಿಯಾರದ ಕಾರ್ಖಾನೆ ಆರಂಭವಾಯಿತು. ಮೊದಲ ಗಡಿಯಾರಗಳನ್ನು ಪ್ರಧಾನಿ ಜವಾಹರಲಾಲ್ ನೆಹರೂ ಅವರು ಬಿಡುಗಡೆ ಮಾಡಿದರು. ಅದೇ ವರ್ಷದ ಡಿಸೆಂಬರ್ 19ರಂದು ಗೋವೆ ಪೋರ್ತುಗೀಸರ ಆಳ್ವಿಕೆಯಿಂದ ಬಿಡುಗಡೆ ಹೊಂದಿತು. ಅಲ್ಲಿಯವರೆಗೆ ಗೋವೆಯ ಪೇಟೆಗಳಲ್ಲಿ ದೊರೆಯುತ್ತಿದ್ದುದು ಹಡಗಿನಲ್ಲಿ ಬಂದ ವಿದೇಶದ ಗಡಿಯಾರಗಳು. ಅನಂತರ ಘಟ್ಟ ಇಳಿದು ಬಂದ ನಮ್ಮವರ ಕೈಯಲ್ಲಿ ಬಂದದ್ದು ಜನತಾ, ಸೋನಾ, ಪೈಲಟ್, ಕೊಹಿನೂರ್ ಎಂಬ ಹೆಸರಿನ, ಬೆಂಗಳೂರಿನಲ್ಲಿಯೂ ಮುಂದೆ ತುಮಕೂರಿನಲ್ಲಿಯೂ ಜೋಡಿಸಿದ ಗಡಿಯಾರಗಳು. ಮೊದಲ ಸಂಬಳ ಕೂಡಿಟ್ಟು ಕೊಂಡವರುಂಟು, ನಿವೃತ್ತಿಯ ದಿನ ಉಡುಗೊರೆಯಾಗಿ ಪಡೆದವರುಂಟು. ಮದುವೆಯಲ್ಲಿ ಬೀಗರಿಂದ ಕೇಳಿ ಪಡೆದವರೂ ಇದ್ದರು. ವರದಕ್ಷಿಣೆ ನಿಷೇಧದ ಕಾಯಿದೆ ಬಂದದ್ದು ಅದೇ 1961ರಲ್ಲಿ ಎಂಬುದನ್ನು ಅಂಥವರ ಮಕ್ಕಳಾದರೂ ನೆನಪಿಡಲಿ.

1969ರಲ್ಲಿ ಜಪಾನಿನ ಸೈಕೋ ಕಂಪನಿ ಸ್ಫಟಿಕದ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಇಂದಿನ ಇಂಥ ಗಡಿಯಾರದ ಸ್ಫಟಿಕ ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಐದು ಟಿಕ್ಕುಗಳ ಗಡಿಯಾರ ಅದರ ಮುಂದೆ ಹೇಗೆ ನಿಂತೀತು? 1984ರಲ್ಲಿ ಟೈಟಾನ್ ಸಂಸ್ಥೆ ಹುಟ್ಟಿ, ಕನ್ನಡ ಮಾತಾಡುವ ಜನರೂ ಇರುವ ಗಡಿಯ ಹೊಸೂರಿನಲ್ಲಿ ಕಾರ್ಖಾನೆ ತೆರೆಯಿತು. ಕೀಲಿ ಗಡಿಯಾರದ ಬೇಡಿಕೆ ಕುಗ್ಗುತ್ತ ಹೋಯಿತು. 2016ರಲ್ಲಿ ಕೇಂದ್ರ ಸರಕಾರ ಎಚ್ಚೆಮ್ಟಿಯ ಗಡಿಯಾರ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಆದುದರಿಂದ ಈಗ ಕೈಯಲ್ಲಿರುವುದನ್ನು ಕಾಪಾಡಿಕೊಳ್ಳಬೇಕು. ಹಳೆಯ ಯಂತ್ರಕ್ಕೆ ಬಣ್ಣಬಣ್ಣದ ಹೊಸ ಮುಖ ಬಳಿದು ಅಪೂರ್ವ ಗಡಿಯಾರವೆಂದು ಮಾರುವವರು ಹೆಚ್ಚಿದ್ದಾರೆ. ನಿಮ್ಮ ತಂದೆಯವರ ಮಾಸಿದ ಮುಖದ ಗಡಿಯಾರವನ್ನು ಇನ್ನೂರು ರೂಪಾಯಿಗೆ ಕೊಟ್ಟು ಅಂಥದನ್ನು ಎರಡು ಸಾವಿರಕ್ಕೆ ಕೊಳ್ಳುವುದು ಜಾಣತನವಲ್ಲ.

ಇನ್ನೊಂದು ಮಾತು, ಅಧ್ಯಾಪಕನಾಗಿ ಹೇಳಲೇಬೇಕಾದುದು. ಅಂಕೆ ಮಾತ್ರ ತೋರಿಸುವ ಮೊಬೈಲಿನಿಂದ ವೇಳೆ ಕಲಿತ ಮಕ್ಕಳು "ಹತ್ತು ನಲವತ್ತೈದು" ಎನ್ನುತ್ತಾರೆ. ದುಂಡು ಮುಖದ ಗಡಿಯಾರ ನೋಡಿ ಕಲಿತವರು "ಹತ್ತೂ ಮುಕ್ಕಾಲು" ಎನ್ನುತ್ತಾರೆ; ಕಾಲು, ಅರೆ, ಮುಕ್ಕಾಲು ಅವರಿಗೆ ಕಣ್ಣಿಗೆ ಕಾಣುತ್ತವೆ. ಗಡಿಯಾಚೆಯ ನಮ್ಮ ಮಕ್ಕಳಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ಹತ್ತೂ ಮುಕ್ಕಾಲಿಗೆ ಮರಾಠಿಯಲ್ಲಿ "ಪಾವಣೇ ಅಕರಾ" ಎಂದು ಹೇಳುತ್ತಾರೆ. ಅದು ಬರಲಿರುವ ಹನ್ನೊಂದರಿಂದ ಕಾಲನ್ನು ಕಳೆಯುವ ರೀತಿ. ನಮ್ಮ ಕನ್ನಡ ಕಳೆದ ಹತ್ತಕ್ಕೆ ಮುಕ್ಕಾಲನ್ನು ಕೂಡುತ್ತದೆ. ಎರಡನ್ನೂ ಅರ್ಧಂಬರ್ಧ ಕೇಳಿದ ಮಗು "ಹನ್ನೊಂದೂ ಮುಕ್ಕಾಲು" ಎಂದುಬಿಡುತ್ತದೆ. ಒಂದು ಗಂಟೆಯ ತಪ್ಪು! ಯಾವ ಗಡಿಯಾರವೂ ಒಂದೇ ದಿನದಲ್ಲಿ ಅಷ್ಟು ಓಡಲಾರದೆಂದು ನಕ್ಕುಬಿಡಬಹುದು, ಆದರೆ ಮಗುವಿಗೆ ಎರಡು ಭಾಷೆಯೂ ಶುದ್ಧವಾಗಿ ಬರಬೇಕಾದರೆ ಗೋಡೆಯ ಮೇಲೊಂದು ದುಂಡು ಗಡಿಯಾರವೂ, ಅದರ ಕೆಳಗೆ ಕೂತು "ಈಗೆಷ್ಟು?" ಎಂದು ಕನ್ನಡದಲ್ಲಿ ಕೇಳುವ ಅಜ್ಜಿಯೋ ತಾಯಿಯೋ ಬೇಕು.

ಈ ತಿಂಗಳು ಒಂದು ಕೆಲಸ ಮಾಡಿ. ಪೆಟ್ಟಿಗೆಯಲ್ಲಿರುವ ಕೈಗಡಿಯಾರವನ್ನು ಹೊರತೆಗೆದು, ಎಣ್ಣೆ ಮುಟ್ಟಿಸದೆ, ಬೆನ್ನು ಬಿಚ್ಚದೆ, ಮೆಲ್ಲನೆ ಕೀಲಿ ಕೊಡಿ. ನಡೆದರೆ ಏಳು ದಿನದ ಹಾಳೆ ಬರೆಯಿರಿ, ಮಕ್ಕಳಿಂದ ಬರೆಯಿಸಿ. ನಿಮ್ಮ ಪೇಟೆಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತ ಹಳೆಯ ಕಸಬುದಾರರು ಯಾರಾದರೂ ಉಳಿದಿದ್ದರೆ ಅವರನ್ನು ಹುಡುಕಿ, ಅವರು ಕೇಳಿದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ. ಅವರ ಮಕ್ಕಳಲ್ಲಿ ಅನೇಕರು ಈ ಕಸಬು ಹಿಡಿದಿಲ್ಲ. ಗಡಿಯಾರ ಕೆಟ್ಟರೆ ತಿದ್ದುವ ಕೈ ಇದೆ ಎಂಬ ಧೈರ್ಯ ನಮಗೆ ಇನ್ನೆಷ್ಟು ವರ್ಷ ಇರುವುದೋ ಹೇಳಲಾಗದು. ಇರುವಷ್ಟರಲ್ಲಿ ಅದರ ಉಪಯೋಗ ಪಡೆಯೋಣ.